ಸಾಸರ್ ಇಲ್ಲದ ಕಪ್ಪು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಟೀ ಕಪ್ಪಿನ ಫೋಟೊ ನೋಡಿದೆ. ದಾನ ಬಂದ ಹಳೇ ಸಾಮಾನು ಮಾರುವ ಚಾರಿಟಿ ಶಾಪ್‌ನಲ್ಲಿ 2 ಪೌಂಡ್‌ಗೆ ಸಿಕ್ಕಿತು ಅಂತ ಕುಣಿದಾಡಿ ಬರೆದಿದ್ದೀಯ. ಅದರ ಬೆನ್ನಿಗೇ "ಇದಕ್ಕೆ ನಿಜವಾಗಿ ಎಷ್ಟು ಬೆಲೆ ಬರಬಹುದು ದೊಡ್ಡಮ್ಮಾ?" ಅಂತ ಕೇಳಿದ್ದೀಯ. ಮೊದಲ ಸಾಲು ಓದಿ ಖುಷಿಯಾಯಿತು, ಎರಡನೆಯದನ್ನು ಓದಿ ಈ ಪತ್ರ ಬರೆಯಲು ಕೂತೆ. ಫೋನಿನಲ್ಲಿ ಹೇಳಿದರೆ "ಹ್ಞೂಂ, ಹ್ಞೂಂ" ಅಂದು ಇಟ್ಟುಬಿಡುತ್ತೀಯ.

ಬೆಲೆ ಮೊದಲೇ ಹೇಳಿಬಿಡುತ್ತೇನೆ: 2 ಪೌಂಡೇ. ಸಾಸರ್ ಇಲ್ಲದ ಒಂಟಿ ಕಪ್ಪನ್ನು ಕೊಂಡು ಲಾಭಕ್ಕೆ ಮಾರಿದವರನ್ನು ನಾನಂತೂ ಕಂಡಿಲ್ಲ. ಆ ಆಸೆ ಬಿಟ್ಟರೆ ಮಿಕ್ಕ ಮಾತು ಸಲೀಸು.

ಬ್ರಿಟನ್ನಿಗೆ ಬಂದ ಹೊಸದರಲ್ಲಿ ನನಗೂ ಒಂದೇ ಆಶ್ಚರ್ಯ. ಇಷ್ಟು ಚೆಂದದ ಸಾಮಾನನ್ನು ಇವರು ಯಾಕೆ ಹೀಗೆ ತಂದು ಸುರಿಯುತ್ತಾರೆ? ಆಮೇಲೆ ಅಕ್ಕಪಕ್ಕದ ಮುದುಕಿಯರ ಜತೆ ಮಾತಾಡುತ್ತ ಮಾತಾಡುತ್ತ ತಿಳಿಯಿತು. ಯುದ್ಧ ಕಾಲದಲ್ಲಿ, 1942ರಿಂದ, ಬಣ್ಣದ ಚಿತ್ತಾರದ ಪಿಂಗಾಣಿಯನ್ನು ಇಲ್ಲಿನ ಜನಕ್ಕೆ ಮಾರುವ ಹಾಗಿರಲಿಲ್ಲ. ಹೂವು, ಚಿನ್ನದ ಅಂಚು ಎಲ್ಲ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿತ್ತು. ಮನೆಯವರ ಪಾಲಿಗೆ ಬರೀ ಬೋಳು ಕಪ್ಪು. ಯುದ್ಧ ಮುಗಿದರೂ ಕಟ್ಟು ಹೋಗಲಿಲ್ಲ, ಪೂರ್ತಿ ತೆಗೆದದ್ದು 1952ರಲ್ಲಿ. ಹತ್ತು ವರ್ಷ ಹೂವಿಲ್ಲದ ಕಪ್ಪಿನಲ್ಲಿ ಟೀ ಕುಡಿದವರು ಆಮೇಲೆ ಹೂವಿಗೆ ಹೇಗೆ ಮುಗಿಬಿದ್ದಿರಬೇಡ! 1962ರಲ್ಲಿ ರಾಯಲ್ ಆಲ್ಬರ್ಟ್ ಎಂಬ ಪಿಂಗಾಣಿ ಕಂಪನಿಯವರ 'ಓಲ್ಡ್ ಕಂಟ್ರಿ ರೋಸಸ್' ಬಂತು. ಕೆಂಪು, ಹಳದಿ, ನಸುಗೆಂಪು ಗುಲಾಬಿ, ಸುತ್ತ ಚಿನ್ನದ ಗೆರೆ. ಮದುವೆಗೆ ಅದನ್ನೇ ಉಡುಗೊರೆ ಕೊಟ್ಟರು, ಗಾಜಿನ ಬೀರುವಿನಲ್ಲಿ ಜೋಡಿಸಿಟ್ಟರು. 'ಬೆಸ್ಟ್‌ಗೆ' ಅಂತ, ಅಂದರೆ ಯಾವತ್ತೋ ಬರುವ ದೊಡ್ಡ ದಿನಕ್ಕೆ. ಆ ದಿನ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಈಗ ಆ ತಲೆಮಾರು ಒಬ್ಬೊಬ್ಬರಾಗಿ ಹೋಗುತ್ತಿದೆ. ಮಕ್ಕಳ ಮನೆಯಲ್ಲಿ ಡಿಶ್‌ವಾಷರ್, ಮೈಕ್ರೋವೇವ್. ಚಿನ್ನದ ಅಂಚು ಎರಡಕ್ಕೂ ಆಗದು. ಬೀರು ಖಾಲಿ ಮಾಡಿ ಡಬ್ಬ ಸಮೇತ ಚಾರಿಟಿ ಶಾಪ್‌ಗೆ.

ಹಾಗಾಗಿ ಅಲ್ಲಿ ಸಿಗುವ ಎಷ್ಟೋ ಕಪ್ಪುಗಳ ತಳದಲ್ಲಿ ಚಮಚದ ಒಂದು ಗೀರೂ ಇರುವುದಿಲ್ಲ. ಅದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಗಿಲೀಟು ಮಾಸಿದ್ದನ್ನು ಕಂಡರೆ ಸಮಾಧಾನ. ಹೋಗಲಿ, ಯಾರೋ ಕುಡಿದಿದ್ದಾರೆ.

ಕೊಳ್ಳುವಾಗ ಕಣ್ಣನ್ನು ನಂಬಬೇಡ, ಬೆರಳನ್ನು ನಂಬು. ತೋರುಬೆರಳನ್ನು ಅಂಚಿನ ಸುತ್ತ ಒಂದು ಸುತ್ತು ಮೆಲ್ಲಗೆ ಓಡಿಸು. ಸಾಸಿವೆ ಕಾಳಿನಷ್ಟು ಚಕ್ಕೆ ಎದ್ದಿದ್ದರೂ ತಡೆಯುತ್ತದೆ. ಆಮೇಲೆ ಕಪ್ಪನ್ನು ಅಂಗೈ ಮೇಲೆ ಕೂರಿಸಿ ಉಗುರಿನಿಂದ ಒಮ್ಮೆ ತಟ್ಟು. ಗಟ್ಟಿಯಾಗಿದ್ದರೆ ಸಣ್ಣ ಗಂಟೆಯ ಹಾಗೆ ನಾದ ಎಳೆಯುತ್ತದೆ, ಕೂದಲೆಳೆಯ ಬಿರುಕಿದ್ದರೆ 'ಟಕ್' ಅಂದು ಸತ್ತುಹೋಗುತ್ತದೆ. ಟೀಪಾಟ್ ಆದರೆ ಮುಚ್ಚಳ ತೆಗೆದು ಒಳಗೆ ನೋಡದೆ ಕಾಸು ಬಿಚ್ಚಬೇಡ. ನಾನು ಬಿಚ್ಚಿದ್ದೆ. ಹೊರಗೆಲ್ಲ ನೇರಳೆ ಹೂಬಳ್ಳಿ, ಎಂಥ ಚೆಲುವು! ಮನೆಗೆ ತಂದು ಟೀಸೊಪ್ಪು ಹಾಕಿ ಬಿಸಿನೀರು ಹೊಯ್ದೆ, ಐದು ನಿಮಿಷಕ್ಕೆ ಮೇಜಿನ ಬಟ್ಟೆಯೆಲ್ಲ ಕೆಂಪು. ನಿನ್ನ ದೊಡ್ಡಪ್ಪ ಇವತ್ತಿಗೂ ಅದನ್ನು 'ನಿಮ್ಮ ಜರಡಿ' ಅಂತಲೇ ಕರೆಯುವುದು. ಈಗ ಅದರಲ್ಲಿ ಪುದೀನ ಬೆಳೆದಿದೆ.

ತಿರುಗಿಸಿ ತಳ ನೋಡುವ ಚಟ ನಿನಗೂ ಹತ್ತುತ್ತದೆ, ಹತ್ತಲಿ. 'ಇಂಗ್ಲೆಂಡ್' ಎಂಬ ಮುದ್ರೆ ಸಾಮಾನ್ಯವಾಗಿ 1891ರ ನಂತರದ್ದು. ಆ ವರ್ಷದಿಂದ ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ ದೇಶದ ಹೆಸರಿರಬೇಕು ಅಂತ ಕಾನೂನಾಯಿತು. 'ಮೇಡ್ ಇನ್ ಇಂಗ್ಲೆಂಡ್' ಅಂತ ಪೂರ್ತಿ ಬರೆದಿದ್ದರೆ ಬಹುಮಟ್ಟಿಗೆ 20ನೇ ಶತಮಾನದ್ದು. ಡಿಶ್‌ವಾಷರ್‌ಗೆ ಹಾಕಬಹುದು ಅಂತ ಬರೆದಿದ್ದರೆ ಅಜ್ಜಿಯ ಕಾಲದ್ದು ಅಂತ ಯಾರು ಆಣೆ ಇಟ್ಟರೂ ನಂಬಬೇಡ. ಊರಿನ ಹೆಸರು ಸ್ಟೋಕ್-ಆನ್-ಟ್ರೆಂಟ್ ಅಂತಲೋ, ಬರ್ಸ್ಲೆಮ್, ಲಾಂಗ್ಟನ್ ಅಂತಲೋ ಇರುತ್ತದೆ. ಎಲ್ಲ ಒಂದೇ ಕಡೆಯವು, ಕುಂಬಾರಿಕೆಯ ಆರು ಪಟ್ಟಣಗಳು ಸೇರಿಯೇ ಇವತ್ತಿನ ಸ್ಟೋಕ್.

ನೀಲಿ-ಬಿಳಿ ವಿಲೋ ತಟ್ಟೆ, ಅಂದರೆ ವಿಲೋ ಮರದ ಚಿತ್ರವಿರುವುದು, ಸಿಕ್ಕರೆ ಸ್ವಲ್ಪ ಹೊತ್ತು ಕೈಯಲ್ಲಿಟ್ಟುಕೊಂಡು ನೋಡು. ಸೇತುವೆ ಮೇಲೆ ಮೂರು ಜನ, ಮೇಲೆ ಎರಡು ಹಕ್ಕಿ. ಚೀನಾದ ಪುರಾತನ ಪ್ರೇಮಕಥೆ ಅಂತ ಹೇಳುತ್ತಾರೆ. ಚಿತ್ರವೂ ಕಥೆಯೂ ಇಂಗ್ಲೆಂಡಿನಲ್ಲೇ ಹುಟ್ಟಿದ್ದು. ನೀನು ನೋಡಬೇಕಾದದ್ದು ಅಂಚಿನ ಪಟ್ಟಿಯನ್ನು. ಹಿಂದೆ ತಾಮ್ರದ ಫಲಕದಲ್ಲಿ ಕೆತ್ತಿದ ಚಿತ್ರವನ್ನು ತೆಳು ಕಾಗದಕ್ಕೆ ಇಳಿಸಿ, ಆ ಒದ್ದೆ ಕಾಗದವನ್ನು ಕತ್ತರಿಸಿ ತಟ್ಟೆಗೆ ಅಂಟಿಸಿ ಉಜ್ಜುತ್ತಿದ್ದರು. ಸುತ್ತು ಮುಗಿಯುವ ಜಾಗದಲ್ಲಿ ಬಳ್ಳಿ ಕೂಡಿಕೊಳ್ಳದೆ ಅರ್ಧಕ್ಕೆ ತುಂಡಾಗಿರುತ್ತದೆ, ಒಮ್ಮೊಮ್ಮೆ ಒಂದರ ಮೇಲೊಂದು ಹತ್ತಿರುತ್ತದೆ. ನನ್ನ ತಟ್ಟೆಯಲ್ಲಿ ಒಂದು ಹೂವಿಗೆ ಎರಡೂವರೆ ದಳ ಅಷ್ಟೇ. ಅವತ್ತು ಆ ಕೆಲಸದವಳಿಗೆ ಊಟದ ಹೊತ್ತು ಮೀರಿತ್ತೋ ಏನೋ. ನನಗೆ ಇಡೀ ತಟ್ಟೆಯಲ್ಲಿ ಇಷ್ಟವಾದದ್ದು ಆ ತಪ್ಪೇ.

ಬೋನ್ ಚೈನಾ ಎಂಬ ತೆಳು ಪಿಂಗಾಣಿಯ ವಿಷಯ ನೀನು ಕೇಳಲಿಲ್ಲ, ಆದರೆ ನಿಮ್ಮಮ್ಮ ಕೇಳಿಯೇ ಕೇಳುತ್ತಾಳೆ. ಹೌದು, ಅದು ಮೂಳೆಯೇ. ದನದ ಮೂಳೆ ಸುಟ್ಟ ಬೂದಿ ಹೆಚ್ಚುಕಡಿಮೆ ಅರ್ಧದಷ್ಟಿರುತ್ತದೆ, ಮಿಕ್ಕದ್ದು ಬಿಳಿ ಜೇಡಿ ಮತ್ತು ಕಾರ್ನ್‌ವಾಲ್‌ನ ಕಲ್ಲು. 18ನೇ ಶತಮಾನದ ಕೊನೆಗೆ ಸ್ಪೋಡ್ ಕಾರ್ಖಾನೆಯವರು ಅದನ್ನು ಹದಕ್ಕೆ ತಂದರು. ನಿಮ್ಮಜ್ಜಿ ಇಲ್ಲಿಗೆ ಬಂದಾಗ "ಬೋನ್ ಅಂದರೆ ಮೂಳೆ ತಾನೇ?" ಅಂದರು. ಸುಳ್ಳು ಹೇಳಲಾಗಲಿಲ್ಲ. ಮೂರು ತಿಂಗಳೂ ಸ್ಟೀಲ್ ಲೋಟದಲ್ಲೇ ಕಾಫಿ ಕುಡಿದರು. ಆದರೆ ಸಂಜೆ ಬಿಸಿಲು ಕಿಟಕಿಗೆ ಬಂದಾಗ ಮೆಲ್ಲಗೆ ಒಂದು ಕಪ್ಪು ಎತ್ತಿ ಬೆಳಕಿಗೆ ಹಿಡಿದು, ಒಳಗೆ ಬೆರಳಾಡಿಸಿ, ಹೊರಗೆ ಬೀಳುವ ನೆರಳು ನೋಡುತ್ತ ಕೂರುತ್ತಿದ್ದರು. ನನ್ನನ್ನು ಕಂಡರೆ ಕೆಳಗಿಟ್ಟುಬಿಡುವರು. ನಿನಗೂ ಮನಸ್ಸಿಗೆ ಒಗ್ಗದಿದ್ದರೆ ದಪ್ಪ ಮಣ್ಣಿನ ಅರ್ದನ್‌ವೇರ್ ಕೊಳ್ಳು, ಅದರಲ್ಲಿ ಮೂಳೆಯಿಲ್ಲ. ಬೆಳಕಿಗೆ ಹಿಡಿದರೆ ನೆರಳೂ ಇಲ್ಲ.

ಅಂಗಡಿಯಲ್ಲಿ ಚೌಕಾಸಿ ಮಾಡಬೇಡ. ನಮ್ಮ ಕೈಗೆ ಅದು ಹುಟ್ಟುಗುಣ, ಗೊತ್ತು. ಆದರೆ ಕೌಂಟರಿನ ಹಿಂದೆ ನಿಂತವರಲ್ಲಿ ಬಹುಪಾಲು ಸಂಬಳವಿಲ್ಲದೆ ಬಂದವರು, ಸಾಮಾನು ದಾನದ್ದು, ದುಡ್ಡು ಹೋಗುವುದು ಯಾರದೋ ಔಷಧಿಗೋ ಅನ್ನಕ್ಕೋ. ನಿನ್ನ 50 ಪೆನ್ಸ್ ಉಳಿತಾಯ ಅವರಿಗೆ ಕಡಿತ. ನಿನಗೆ ಬೇಡವಾದದ್ದನ್ನು ಅಲ್ಲಿಗೆ ಕೊಡುವಾಗ ಗಿಫ್ಟ್ ಏಡ್ ಫಾರಂ ತುಂಬಿಸು. ನೀನು ತೆರಿಗೆ ಕಟ್ಟುತ್ತೀಯಲ್ಲ, ನಿನ್ನ ಸಾಮಾನು ಮಾರಿ ಬಂದ ಪ್ರತಿ ಪೌಂಡ್‌ಗೆ ಅವರಿಗೆ ಸರ್ಕಾರದಿಂದ ಇನ್ನೂ 25 ಪೆನ್ಸ್ ಬರುತ್ತದೆ.

ಇನ್ನೊಂದು, ಸೆಟ್ಟಿನ ಬೆನ್ನು ಹತ್ತಬೇಡ. ಐದು ಸಾಸರ್ ಇದ್ದವು, ಆರನೆಯದಕ್ಕಾಗಿ ನಾನು ನಾಲ್ಕು ವರ್ಷ ಊರೂರು ಅಲೆದೆ. ಆ ನಾಲ್ಕು ವರ್ಷ ಬೇರೆ ಯಾವ ಚೆಂದದ ತಟ್ಟೆಯೂ ನನ್ನ ಕಣ್ಣಿಗೆ ಬೀಳಲಿಲ್ಲ. ಕೊನೆಗೆ ಸಿಕ್ಕಿತು. ತಂದು ಇಟ್ಟ ವಾರವೇ ಮೂರನೆಯದು ಒಡೆಯಿತು, ನನ್ನ ಕೈಯಿಂದಲೇ. ಈಗ ನಮ್ಮ ಮನೆಯಲ್ಲಿ ಒಂದಕ್ಕೊಂದು ಹೊಂದುವುದು ಏನೂ ಇಲ್ಲ. ನೆಂಟರು ತಮ್ಮ ತಮ್ಮ ಕಪ್ಪು ಆರಿಸಿಕೊಳ್ಳುವಾಗ ಸಣ್ಣ ಜಗಳವೇ ನಡೆಯುತ್ತದೆ.

ಕಪ್ಪಿನಲ್ಲಿ ಪೆನ್ನು ಹಾಕಿಟ್ಟಿರುವುದು ಫೋಟೊದಲ್ಲಿ ಕಾಣಿಸಿತು. ತೆಗೆದು ತೊಳೆ. ಒಳಗಿನ ಕಂದು ಕಲೆಗೆ ಅಡುಗೆ ಸೋಡಾ ಒದ್ದೆ ಮಾಡಿ ಬೆರಳಿನಿಂದ ಉಜ್ಜಿದರೆ ಸಾಕು. ಬ್ಲೀಚ್ ಬೇಡ, ಅಂಚಿನ ಚಿನ್ನದ ಮೇಲೆ ಒರಟು ಬ್ರಷ್ಷೂ ಬೇಡ. ಮೈಕ್ರೋವೇವ್‌ಗೆ ಇಟ್ಟೀಯ ಜೋಕೆ, ಕಿಡಿ ಹಾರುತ್ತದೆ. ತೀರಾ ಹಳೆಯ ಬಣ್ಣದ ಪಾತ್ರೆಯಲ್ಲಿ ಸೀಸ ಇರಬಹುದು, ಅದರಲ್ಲಿ ಹುಳಿ ಪದಾರ್ಥ ರಾತ್ರಿಯೆಲ್ಲ ಇಡಬೇಡ. ಟೀ ಕುಡಿ, ದಿನಾ ಕುಡಿ, ಯಾರೂ ಬರದ ದಿನವೂ ಕುಡಿ.

ಶನಿವಾರ ಬರುತ್ತೀಯಲ್ಲ, ಆ ಕಪ್ಪು ತಾ. ನನ್ನ ಹತ್ತಿರ ಆ ಒಡೆದ ಮೂರನೆಯ ಸಾಸರಿನ ಜೋಡಿ ಕಪ್ಪು ಒಂಟಿಯಾಗಿದೆ, ಇನ್ಯಾವುದೋ ಕಪ್ಪಿನದು ಒಂದು ತಿಳಿಹಸಿರು ಸಾಸರ್ ಇದೆ. ಆ ಸಾಸರಿನಲ್ಲಿ ನಿನ್ನ ಕಪ್ಪಿನ ತಳ ಕೂರುತ್ತದಾ ಅಂತ ನೋಡೋಣ. ಹಳೇ ನ್ಯೂಸ್‌ಪೇಪರಿನಲ್ಲಿ ಎರಡು ಸುತ್ತು ಸುತ್ತಿ ತಾ, ಕೈಚೀಲದಲ್ಲಿ ಕೀಲಿಗೊಂಚಲಿನ ಜತೆ ಹಾಕಿಕೊಂಡು ಬರಬೇಡ.

ಇಂತಿ ನಿನ್ನ
ದೊಡ್ಡಮ್ಮ