ಮುಖ್ಯಮಂತ್ರಿಗಳೇ, ಆ 108 ಮನೆಗಳ ಹುಡುಕಾಟ ಎಲ್ಲಿಗೆ ಬಂತು?

ಮಹಾರಾಷ್ಟ್ರದ ಮಾನ್ಯ ಮುಖ್ಯಮಂತ್ರಿಗಳಿಗೆ, ಮುಂಬಯಿಯ ಕನ್ನಡಿಗನೊಬ್ಬನ ನಮಸ್ಕಾರ.

1992–93ರ ಹಿಂದೂ–ಮುಸ್ಲಿಂ ಗಲಭೆಯಲ್ಲಿ ಈ ಊರಿನಲ್ಲಿ 900 ಜನ ಸತ್ತರು. 168 ಜನ ಕಾಣೆಯಾದರು. ಕಾಣೆಯಾದವರಲ್ಲಿ 60 ಮಂದಿಯ ಮನೆಯವರಿಗೆ ಮಾತ್ರ ಪರಿಹಾರ ಸಿಕ್ಕಿತ್ತು. ಉಳಿದ 108 ಮಂದಿಯ ಮನೆಯವರನ್ನು ಹುಡುಕಿ, ಎರಡು ಲಕ್ಷ ರೂಪಾಯಿಗೆ ಶೇಕಡಾ 9ರ ಬಡ್ಡಿ ಸೇರಿಸಿ ಕೊಡಿ ಎಂದು 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ವಿಳಾಸ ಬದಲಾಗಿದೆ, ಕಾಗದಪತ್ರ ಪೂರ್ತಿ ಇಲ್ಲ ಎಂಬುದು ಸರ್ಕಾರದ ಉತ್ತರವಾಗಿತ್ತು. ಬದಲಾಗದೆ ಇರುತ್ತದೆಯೇ? ದುಡಿಯುವವನೇ ಹೋದ ಮೇಲೆ ಖೋಲಿಯ ಬಾಡಿಗೆ ಕಟ್ಟುವವರು ಯಾರು? ಆ ಗಲಭೆಯ ನಂತರ ಎಷ್ಟೋ ಮುಸ್ಲಿಂ ಕುಟುಂಬಗಳು ಊರ ಹೊರಗಿನ ಮುಂಬ್ರಾ ಕಡೆ ಹೋದವು. ಇನ್ನೆಷ್ಟೋ ಜನ ಊರಿನ ರೈಲು ಹತ್ತಿದರು. ಹೀಗೆ ಹೋದವರು ಬರೀ ಮನೆ ಬಿಡಲಿಲ್ಲ. ಗಿರಾಕಿ, ಅಂಗಡಿಯ ಸಾಲದ ಪುಸ್ತಕ, ಮಕ್ಕಳ ಶಾಲೆ, ಎಲ್ಲವನ್ನೂ ಬಿಟ್ಟರು. ಇದಕ್ಕೆ ಪರಿಹಾರದ ಅರ್ಜಿಯಲ್ಲಿ ಜಾಗವೇ ಇಲ್ಲ, ಅಲ್ವಾ?

ಗಲಭೆ ಸುಮ್ನೆ ಹುಟ್ಟುವುದಿಲ್ಲ. 1982ರ ಬಟ್ಟೆ ಗಿರಣಿ ಮುಷ್ಕರಕ್ಕೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಇಳಿದರು. ಬಹಳಷ್ಟು ಮಂದಿಗೆ ಮತ್ತೆ ಆ ಕೆಲಸ ಸಿಗಲಿಲ್ಲ. ತಿಂಗಳ ಪಗಾರದ ಜೊತೆ ಯೂನಿಯನ್ನೂ ಹೋಯಿತು. ಬೇರೆ ಬೇರೆ ಜಾತಿ ಧರ್ಮದವರು ಒಟ್ಟಿಗೆ ಕೂರುತ್ತಿದ್ದ ಜಾಗ ಅದು. ಹಾಗಂತ ನಿರುದ್ಯೋಗದ ಮೇಲೆ ಎಲ್ಲ ಹೊರಿಸಲು ನಾನು ಒಪ್ಪುವುದಿಲ್ಲ. ಹಸಿದವರೆಲ್ಲ ಕಲ್ಲು ಎತ್ತುವುದಿಲ್ಲ. ಕಲ್ಲು ಯಾರ ಮೇಲೆ ಬೀಳಬೇಕೆಂದು ಯಾರೋ ಬೆರಳು ತೋರಿಸುತ್ತಾರೆ. ಶಿವಸೇನೆಯ ಪಾತ್ರವನ್ನೂ ಪೊಲೀಸರ ಪಕ್ಷಪಾತವನ್ನೂ ಗಲಭೆಯ ತನಿಖೆ ನಡೆಸಿದ ಶ್ರೀಕೃಷ್ಣ ಆಯೋಗ 1998ರಲ್ಲೇ ಹೇಳಿದೆ. ಅಂದಿನ ಸರ್ಕಾರ ಅದನ್ನು ಒಪ್ಪಲಿಲ್ಲ.

ಬೆರಳು ತೋರಿಸುವುದು ಎಂದರೆ ಏನೆಂದು ನಮ್ಮವರಿಗೂ ಗೊತ್ತು. 1960ರ ದಶಕದ ಕೊನೆಯಲ್ಲಿ ‘ಮದ್ರಾಸಿಗಳು ನಮ್ಮ ಕೆಲಸ ಕಿತ್ತುಕೊಂಡರು’ ಎಂಬ ಕೂಗು ಎದ್ದಿತು. ಉಡುಪಿ ಹೋಟೆಲುಗಳ ಗಾಜು ಒಡೆಯಿತು. ಮಾಲೀಕ ಹೇಗೋ ಗಾಜು ಹಾಕಿಸಿಕೊಂಡಾನು. ಹೋಟೆಲು ಮುಚ್ಚಿದಷ್ಟು ದಿನ ಊರಿಗೆ ಮನಿಯಾರ್ಡರ್ ಕಳಿಸಲಾಗದವನು ತಟ್ಟೆ ತೊಳೆಯುವ ಹುಡುಗ.

ಅದಕ್ಕೇ ಕೇಳುತ್ತಿದ್ದೇನೆ. ಹುಡುಕಾಟದಲ್ಲಿ ಎಷ್ಟು ಮನೆ ಸಿಕ್ಕಿತು, ಎಷ್ಟು ಸಿಗಲಿಲ್ಲ ಎಂದು ಜನರಿಗೆ ತಿಳಿಸಿ. ಸಿಗದವರ ಹೆಸರು, ಅವರಿದ್ದ ಬಡಾವಣೆ, ಎರಡನ್ನೂ ವಾರ್ಡ್ ಆಫೀಸುಗಳಲ್ಲಿ ಹಚ್ಚಿ. ಮರಾಠಿ ಪತ್ರಿಕೆಯಲ್ಲಿ ಮಾತ್ರ ಬೇಡ, ಉರ್ದು, ಹಿಂದಿ, ಕನ್ನಡದಲ್ಲೂ ಪ್ರಕಟಿಸಿ. ದುಡಿಯಲು ಬಂದವರ ಮನೆಯವರು ಬೇರೆ ರಾಜ್ಯದಲ್ಲೂ ಇರಬಹುದು. ಮನೆ ಸುಟ್ಟುಹೋದವರ ಹತ್ತಿರ ಹಳೆಯ ರೇಷನ್ ಕಾರ್ಡ್ ಕೇಳಬೇಡಿ. ಠಾಣೆಯಲ್ಲಿ ಕೊಟ್ಟ ದೂರು, ಅಕ್ಕಪಕ್ಕದವರ ಹೇಳಿಕೆ ಇದ್ದರೆ ಸಾಕು ಎಂದು ಆದೇಶ ಹೊರಡಿಸಿ.

ಇಂತಿ,
ಮುಂಬಯಿಯ ಒಬ್ಬ ಕನ್ನಡಿಗ