ಹೋಗು ಪುಟ್ಟಿ, ರಾಜೀನಾಮೆ ಮಾತ್ರ ಬರೆಯಬೇಡ

ಮಾಟುಂಗಾ, ಮುಂಬಯಿ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಫೋನಿನಲ್ಲಿ ಹೇಳಿದರೆ ‘ಆಯ್ತು ದೊಡ್ಡಮ್ಮ’ ಅಂದು ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಆಸ್ಟ್ರೇಲಿಯಾದ ಬಾಸ್ಕೆಟ್‌ಬಾಲ್ ಕ್ಲಬ್ಬಿನಿಂದ ಒಂದು ಸೀಸನ್ ಆಡಲು ಕರೆ ಬಂದಿದೆಯಂತೆ, ನೀನು ರೈಲ್ವೆ ಕೆಲಸ ಬಿಡಲು ಹೊರಟಿದ್ದೀಯಂತೆ. ನಿನ್ನ ಅಮ್ಮ ಹೋಗುವುದೇ ಬೇಡ ಅಂತ ಅಳುತ್ತಾಳೆ. ನಾನು ಹಾಗನ್ನುವುದಿಲ್ಲ. ಖಂಡಿತ ಹೋಗು. ಆದರೆ ರೈಲ್ವೆಯಿಂದ ರಜೆ ಮತ್ತು ಎನ್‌ಒಸಿ, ಅಂದರೆ ಆಕ್ಷೇಪವಿಲ್ಲ ಅನ್ನುವ ಪತ್ರ, ತೆಗೆದುಕೊಂಡು ಹೋಗು.

ಗೀತು ಅನ್ನಾ ಜೋಸ್ ನೆನಪಿದ್ದಾಳಲ್ಲ? ಕೇರಳದ ಹುಡುಗಿ, ಸದರ್ನ್ ರೈಲ್ವೆಯ ಆಟಗಾರ್ತಿ. 2006ರಲ್ಲಿ ಆಸ್ಟ್ರೇಲಿಯಾದ ರಿಂಗ್‌ವುಡ್ ಕ್ಲಬ್ಬಿಗೆ ಆಡಲು ಹೋದಳು. 2011ರಲ್ಲಿ ಅಮೆರಿಕದ ಹೆಂಗಸರ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಯ ಮೂರು ತಂಡಗಳ ಟ್ರಯಲ್ಸಿಗೂ ಹೋದಳು. ಅಲ್ಲಿ ಜಾಗ ಸಿಗಲಿಲ್ಲ. ಅಷ್ಟಕ್ಕೇ ಅವಳ ಆಟ ಮುಗಿಯಲಿಲ್ಲ. 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. ನಮ್ಮ ದೇಶದಲ್ಲಿ ಬಾಸ್ಕೆಟ್‌ಬಾಲ್ ಆಡುವ ಎಷ್ಟೋ ಹೆಣ್ಣುಮಕ್ಕಳಿಗೆ ತಿಂಗಳ ಸಂಬಳ ಕೊಟ್ಟಿದ್ದು ರೈಲ್ವೆ. ಅದನ್ನು ಹಗುರವಾಗಿ ನೋಡಬೇಡ.

ಈಗ ನನ್ನ ಮಂಡಿಯ ವಿಷಯ. ನಿನಗೆ ಪೂರ್ತಿ ಹೇಳಿರಲಿಲ್ಲ. ನನಗಾಗ ಇಪ್ಪತ್ತಮೂರು. ಸಿಮೆಂಟ್ ಕೋರ್ಟು. ರಿಬೌಂಡಿಗೆ, ಬುಟ್ಟಿಗೆ ಬೀಳದೆ ಪುಟಿದ ಚೆಂಡಿಗೆ, ಹಾರಿ ಎಡಗಾಲ ಮೇಲೆ ಇಳಿದೆ. ಪಾದ ಇದ್ದಲ್ಲೇ ಇತ್ತು, ಮಂಡಿ ಒಳಕ್ಕೆ ತಿರುಗಿತು. ಮಾರ್ಕೆಟ್ಟಿನಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುತ್ತೇವಲ್ಲ, ಅದೇ ಸದ್ದು. ಸಂಜೆಗೆ ತೆಂಗಿನಕಾಯಿಯಷ್ಟು ಊದಿತ್ತು. ಎರಡು ದಿನ ಬಿಟ್ಟು ಫೈನಲ್. ಬಿಗಿಯಾಗಿ ಪಟ್ಟಿ ಸುತ್ತಿ, ಸ್ಪ್ರೇ ಹೊಡೆದು ಇಳಿಸಿದರು, ನಾನೂ ಇಳಿದೆ. ಹಾಗೆ ಆಡಿಸಿದವರು ಮರುವರ್ಷ ಹೇಗಿದ್ದೀ ಅಂತಲೂ ಕೇಳಲಿಲ್ಲ. ಇವತ್ತಿಗೂ ದಾದರ್ ಸ್ಟೇಷನ್ನಿನ ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯಬೇಕು ನಾನು.

ನನಗೆ ಹರಿದದ್ದು ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್. ಅದು ಹರಿಯುವುದು ಒಂದೇ ಆಟ ಆಡುವ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಆಪರೇಷನ್ ಆದರೆ ಒಂಬತ್ತು ತಿಂಗಳಾದರೂ ಕೋರ್ಟಿಗಿಳಿಯುವಂತಿಲ್ಲ. ಆದ್ದರಿಂದ ಕರಾರಿನಲ್ಲಿ ಸಂಬಳ ನೋಡುವ ಮೊದಲು, ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು, ಫಿಸಿಯೋ ಎಷ್ಟು ದಿನ, ಅಷ್ಟೂ ದಿನ ರೂಮು ಕೊಡುತ್ತಾರೋ, ಅದನ್ನು ಓದು. ಬಾಯಿಮಾತಿಗೆ ಒಪ್ಪಬೇಡ. ಭಾರತ ತಂಡದ ಕ್ಯಾಂಪಿಗೆ ಕರೆ ಬಂದರೆ ಕ್ಲಬ್ಬು ನಿನ್ನನ್ನು ಕಳಿಸಿಕೊಡಬೇಕು ಅಂತಲೂ ಬರೆಸು. 2017ರಲ್ಲಿ ಬೆಂಗಳೂರಿನಲ್ಲಿ ನಮ್ಮ ಹುಡುಗಿಯರು ಕಜಕಸ್ತಾನವನ್ನು ಎರಡೇ ಅಂಕದಿಂದ ಸೋಲಿಸಿ ಏಷ್ಯಾ ಕಪ್ಪಿನ ಮೇಲಿನ ಡಿವಿಷನ್ನಿಗೆ ಏರಿದಾಗ, ನಿನ್ನ ಅಪ್ಪನ ಮೊಬೈಲ್ ಕಸಿದುಕೊಂಡು ಮಂಚದ ಮೇಲೆ ಕುಣಿದವಳು ನೀನು. ಆ ಜರ್ಸಿಗೇ ಅಲ್ಲವೇ ಇದೆಲ್ಲ?

ನಮ್ಮ ಬಾಸ್ಕೆಟ್‌ಬಾಲ್ ಫೆಡರೇಶನ್ನಿನ ಕ್ಲಿಯರೆನ್ಸ್ ಪತ್ರಕ್ಕೆ ಈಗಲೇ ಓಡಾಡು, ಅದಿಲ್ಲದೆ ಅಲ್ಲಿ ಆಡಿಸುವುದಿಲ್ಲ.

ಇನ್ನೊಂದು. ಅಂಥ ಕ್ಲಬ್ಬುಗಳಲ್ಲಿ ಉಳಿದವರು ಹಗಲು ಕೆಲಸಕ್ಕೆ, ಕಾಲೇಜಿಗೆ ಹೋಗಿ ಸಂಜೆ ಪ್ರಾಕ್ಟೀಸಿಗೆ ಬರುತ್ತಾರೆ. ನಿನಗೆ ಹಗಲೆಲ್ಲ ರೂಮಿನ ಗೋಡೆಯೇ ಗತಿ. ಪಾಯಿಂಟ್ ಬಾರದ ವಾರ ಆ ಗೋಡೆ ತುಂಬಾ ಹತ್ತಿರ ಬರುತ್ತದೆ ಮಗಾ. ಕ್ಲಬ್ಬಿನ ಚಿಕ್ಕ ಮಕ್ಕಳಿಗೆ ಕಲಿಸುವ ಕೆಲಸ ಕೇಳಿ ತೆಗೆದುಕೋ. ಬೇಜಾರಾದರೆ ಅಮ್ಮನಿಗೆ ಹೇಳಲಾಗದ್ದನ್ನು ನನಗೆ ಹೇಳು, ರಾತ್ರಿ ಎಷ್ಟೇ ಹೊತ್ತಾಗಿರಲಿ.

ಭಾನುವಾರ ಬೆಳಿಗ್ಗೆ ಆರೂವರೆಗೆ ಇಂಡಿಯನ್ ಜಿಮ್ಖಾನಾದ ಹತ್ತಿರ ಬಾ, ಕರಾರಿನ ಕಾಗದ ತಾ. ಒಂಟಿಕಾಲಲ್ಲಿ ಇಳಿಯುವಾಗ ನಿನ್ನ ಬಲಮಂಡಿಯೂ ಒಳಕ್ಕೆ ವಾಲುತ್ತದೆ, ಕಳೆದ ತಿಂಗಳು ಗಮನಿಸಿದೆ. ಮೊಬೈಲಿನಲ್ಲಿ ಹಿಡಿದು ನಿನಗೇ ತೋರಿಸುತ್ತೇನೆ. ಆಮೇಲೆ ಮನೆಗೆ ಹೋಗಿ ನೀರ್‌ದೋಸೆ ತಿನ್ನುವ.

ಇತಿ,
ನಿನ್ನ ದೊಡ್ಡಮ್ಮ