ನಿನ್ನ ಸಲುವಾಗಿ ನಿಂತರೆ ನಿಲ್ಲಲಿ ಬಿಡು

ಸಾಗರ
ಸಂಕ್ರಾಂತಿಯ ಮಾರನೇ ದಿನ

ಚಿ. ಮೇಘಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಇಲ್ಲಿಯ ಸುದ್ದಿ ನಿನ್ನಮ್ಮ ದಿನಾ ಫೋನಿನಲ್ಲಿ ಕೇಳ್ತಾಳೆ, ನಿನಗೂ ಹೇಳಿರ್ತಾಳೆ, ಮತ್ತೆ ಅದನ್ನೇ ಬರೆಯೋದಿಲ್ಲ. ಗೆಳತಿಯರ ಜೊತೆ ಎರಡು ದಿನದ ಸೈಕಲ್ ಸವಾರಿ ಹೊರಟಿದ್ದೀನಿ ಅಂತ ಬರೆದ ನಿನ್ನ ಪತ್ರ ಬಂತು. ರಸ್ತೆ ಹೇಗಿದೆ ಅಂತ ಕೇಳಿದ್ದೀಯ, ಸಾಮಾನಿನ ಪಟ್ಟಿ ಕಳಿಸಿದ್ದೀಯ, ಅದಕ್ಕೆಲ್ಲ ನನಗೆ ತಿಳಿದಷ್ಟು ಬರೀತೀನಿ. ಆದರೆ ಕೊನೆಯಲ್ಲಿ, ಬೇರೆ ಏನೋ ಹೇಳ್ತಾ ಹೇಳ್ತಾ, "ಉಳಿದವರೆಲ್ಲ ಗಟ್ಟಿಗರು ದೊಡ್ಡಮ್ಮ, ನಾನೇ ನಿಧಾನ. ಏನೇ ಆಗಲಿ ನನ್ನ ಸಲುವಾಗಿ ಯಾರೂ ನಿಲ್ಲೋ ಹಾಗೆ ಆಗಬಾರದು, ಅದೊಂದೇ ಹೆದರಿಕೆ" ಅಂತ ಬರೆದಿದ್ದೀಯಲ್ಲ, ಅದು ಓದಿದಾಗಿಂದ ನನಗೆ ಸಮಾಧಾನವಿಲ್ಲ. ಕಾಟಿಗೆ ಹೆದರಿಕೆ, ಹಾವಿಗೆ ಹೆದರಿಕೆ, ಕತ್ತಲೆಗೆ ಹೆದರಿಕೆ ಅಂತ ಬರೆದಿದ್ದರೆ ಒಂದೆರಡು ಮಾತು ಹೇಳಿ ಮುಗಿಸ್ತಿದ್ದೆ.

ನೀವು ಹೋಗ್ತಿರೋದು ನಾನು ನರ್ಸಮ್ಮ ಆಗಿದ್ದಾಗ ನನ್ನ ಸಬ್‌ಸೆಂಟರ್, ಅಂದರೆ ಹಳ್ಳಿಯ ಆರೋಗ್ಯ ಉಪಕೇಂದ್ರ, ಇದ್ದ ಸೀಮೆ. ಶರಾವತಿ ಹಿನ್ನೀರಿನ ಸೇತುವೆ ದಾಟಿ ತುಮರಿ, ಅಲ್ಲಿಂದ ಒಳದಾರಿ ಹಿಡಿದು ನಿಟ್ಟೂರಿನ ಕಡೆ, ಮಾರನೇ ದಿನ ನಾಗೋಡಿಯಿಂದ ಕೊಲ್ಲೂರು ಘಾಟಿ ಇಳಿಯೋದು. ಹಿಂದೆ ಜೀಪಿಲ್ಲ, ಊಟ ಹಾಸಿಗೆ ರಿಪೇರಿ ಸಾಮಾನು ಎಲ್ಲ ಸೈಕಲ್ ಮೇಲೇ. ಓದಿ ನಗು ಬಂತು ನೋಡು. ನಾವು ಸಂಬಳ ತಗೊಂಡು ಮಾಡ್ತಿದ್ದ ಕೆಲಸ ನೀವು ರಜೆ ಹಾಕಿ ಮಾಡ್ತೀರಿ.

ಈಗ ನಿಮಗೆ ಸೇತುವೆ ಇದೆ, 2025ರಲ್ಲಿ ಆಯ್ತಲ್ಲ, ಗಾಳಿ ಕುಡೀತಾ ಸೈಕಲ್ ತುಳ್ಕೊಂಡು ಆಚೆ ಹೋಗಬಹುದು. ನನ್ನ ಕಾಲದಲ್ಲಿ ಲಾಂಚು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಆಚೆ ದಡದವರ ಬದುಕೆಲ್ಲ ಲಾಂಚಿನ ಹೊತ್ತಿನ ಮೇಲೇ ನಡೀತಿತ್ತು. ಸಂಜೆ ಕೊನೇ ಲಾಂಚು ಹೋಯ್ತು ಅಂದರೆ ಹೋಯ್ತು. ಆಮೇಲೆ ಸಾಗರ ಆಸ್ಪತ್ರೆ ಬೇಕಾದರೆ ಹೊಸನಗರದ ಮೇಲೆ ಸುತ್ತಿ ಬರಬೇಕು, ಅದಕ್ಕೂ ಗಾಡಿ ಸಿಗಬೇಕು.

ಅಲ್ಲೊಬ್ಬ ಬಾಣಂತಿ ಆಗಬೇಕಾದವಳು ಇದ್ದಳು. ಹೆಸರು ಬೇಡ, ಮಕ್ಕಳು ಮೊಮ್ಮಕ್ಕಳು ಈಗಲೂ ಅಲ್ಲೇ ಇದ್ದಾರೆ. ಎಂಟು ತುಂಬಿತ್ತು. ಬೆಳಿಗ್ಗೆಯಿಂದ ತಲೆ ಸಿಡೀತಿತ್ತಂತೆ, ಕಣ್ಣು ಮಂಜು ಮಂಜು, ಬಳೆ ಕೈಗೆ ಕಚ್ಚಿಕೊಂಡಿತ್ತು. ಮನೆಯವರೆಲ್ಲ ಗದ್ದೆಯಲ್ಲಿದ್ದರು. ಮಧ್ಯಾಹ್ನ ಊಟಕ್ಕೆ ಬಂದಾಗಲೂ ಅವಳು ಬಾಯಿ ಬಿಡಲಿಲ್ಲ. ಹೇಳಿದ್ದು ದೀಪ ಹಚ್ಚಿದಮೇಲೆ. ನನ್ನನ್ನು ಕರೆಯೋಕೆ ಜನ ಬರೋ ಹೊತ್ತಿಗೆ ಲಾಂಚು ಆಚೆ ಕಟ್ಟಿಹಾಕಿ ಆಗಿತ್ತು. ನಾನು ಹೋಗಿ ಪಾದ ಒತ್ತಿ ನೋಡಿದೆ, ಬೆರಳು ಒತ್ತಿದ ಕಡೆ ಗುಳಿ ಬಿದ್ದು ಹಾಗೇ ಉಳೀತು. ಮೀನು ಹಿಡಿಯೋರ ದೋಣಿಯಲ್ಲಿ ಕತ್ತಲಲ್ಲೇ ದಾಟಿಸಿದರು. ಅವಳು ಉಳಿದಳು, ಕೂಸು ಉಳೀಲಿಲ್ಲ. ಮಧ್ಯಾಹ್ನವೇ ಯಾಕೆ ಹೇಳಲಿಲ್ಲ ಅಂತ ಆಮೇಲೊಮ್ಮೆ ಕೇಳಿದ್ದಕ್ಕೆ ಅವಳು ಹೇಳಿದ್ದು, "ನನ್ನ ಸಲುವಾಗಿ ಕೆಲಸ ಯಾಕೆ ನಿಲ್ಲಿಸೋದು ಅನ್ನಿಸ್ತು ಅಕ್ಕಾ."

ಹೆದರಿಸೋಕೆ ಬರೆದೆ ಅಂತ ತಿಳೀಬೇಡ. ನೀನು ಹೋಗೋದು ಎರಡು ದಿನದ ಸೈಕಲ್ ಸವಾರಿಗೆ, ಅದೂ ಇದೂ ಒಂದೇ ತಕ್ಕಡಿಗೆ ಹಾಕಬಾರದು ಅಂತ ನನಗೂ ಗೊತ್ತು. ಆದರೆ ಅವಳ ಮಾತು ಇಷ್ಟು ವರ್ಷ ಆದಮೇಲೆ ನಿನ್ನ ಅಕ್ಷರದಲ್ಲಿ ಮನೆಗೆ ಬಂದರೆ ನನಗೆ ಹೇಗಾಗಬೇಡ? ನಿನ್ನ ಅಜ್ಜಿಯ ವಿಷಯವಂತೂ ನಾನು ಬರೆಯಲೇ ಬೇಕಾಗಿಲ್ಲ. ನಮ್ಮ ಮನೆ ಹೆಂಗಸರಿಗೆ ಇದೊಂದು ಬಂದುಬಿಟ್ಟಿದೆ.

ಇರಲಿ, ಪಟ್ಟಿಗೆ ಬರ್ತೀನಿ. ಗೇರಿನ ಹ್ಯಾಂಗರ್ ಅಂತ ಬರೆದಿದ್ದೀಯಲ್ಲ, ಅದು ಬಟ್ಟೆ ನೇತುಹಾಕೋದೋ ಅಂತ ಪೇಟೆಯ ಸೈಕಲ್ ಶಾಪಿನ ಹುಡುಗನನ್ನು ಕೇಳಿ ನಗೆಪಾಟಲಾದೆ. ಹಿಂಚಕ್ರದ ಪಕ್ಕದ ಸಣ್ಣ ಅಲ್ಯೂಮಿನಿಯಂ ತುಂಡಂತೆ. ಕಲ್ಲಿಗೆ ಬಡಿದರೆ ಫ್ರೇಮಿಗೆ ಪೆಟ್ಟಾಗೋ ಬದಲು ಅದೇ ಬಗ್ಗಲಿ ಅಂತ ಮೆತ್ತಗೆ ಮಾಡಿರ್ತಾರಂತೆ. ಒಂದೊಂದು ಸೈಕಲ್ಲಿಗೆ ಒಂದೊಂದು ಆಕಾರ, ಗೆಳತಿಯದು ನಿನ್ನದಕ್ಕೆ ಕೂರೋದಿಲ್ಲ ಅಂದ. ಹಾಗಾದರೆ ನಿನ್ನದು ನೀನೇ ತಗೋ. ಟ್ಯೂಬ್‌ಲೆಸ್ ಟೈರಾದರೂ ಒಂದು ಟ್ಯೂಬು ಚೀಲದಲ್ಲಿರಲಿ ಅಂತಲೂ ಅಂದ, ಒಳಗಿನ ದ್ರವ ಮುಚ್ಚೋದು ಮುಳ್ಳಿನ ತೂತನ್ನ, ಟೈರಿನ ಪಕ್ಕ ಕಲ್ಲಿಗೆ ಸೀಳಿದರೆ ಅದರ ಆಟ ನಡೆಯೋಲ್ಲವಂತೆ. ಇದೆಲ್ಲ ನಿನಗೆ ಗೊತ್ತಿರ್ತದೆ ಬಿಡು.

ಹೊರೆ ಕಟ್ಟೋದು ಮಾತ್ರ ನನಗೂ ಸ್ವಲ್ಪ ಗೊತ್ತು. ಲಸಿಕೆಯ ಡಬ್ಬಿ ಕ್ಯಾರಿಯರಿಗೆ ಕಟ್ಟಿಕೊಂಡು ಹೋಗ್ತಿದ್ದವಳಲ್ಲವಾ ನಾನು. ಹಳೇ ಟ್ಯೂಬು ಉದ್ದಕ್ಕೆ ಕೊಯ್ದು ಪಟ್ಟಿ ಮಾಡ್ಕೊಂಡಿದ್ದೆ, ಅದು ಬಿಗಿದಷ್ಟು ಹಗ್ಗ ಬಿಗಿಯೋಲ್ಲ. ಭಾರದ್ದೆಲ್ಲ ಕೆಳಗೆ, ನಡುವೆ ಬರಲಿ. ಸೀಟಿನ ಹಿಂದಿನ ಚೀಲದಲ್ಲಿ ನೀರು, ಉಪಕರಣ ತುಂಬಿದರೆ ಜಲ್ಲಿ ಇಳಿಜಾರಿನಲ್ಲಿ ಬಾಲ ಅಲ್ಲಾಡಿಸಿ ಬೀಳಿಸ್ತದೆ. ಅಲ್ಲಿ ಹಾಸಿಗೆ, ಸ್ವೆಟರು ಹಾಕು. ಸ್ವೆಟರು ಬಿಡಬೇಡ, ಈ ತಿಂಗಳು ಆ ಕಡೆ ಬೆಳಗಿನ ಜಾವ ಚಳಿ ಕೊರೀತದೆ. ಊಟದ ಬಗ್ಗೆ ನೀನು ಬರೆದ ಪೊಟ್ಟಣದ ಪುಡಿಗಳು ನನಗೆ ತಿಳಿಯೋಲ್ಲ, ಅವಲಕ್ಕಿ ಬೆಲ್ಲ ಇಟ್ಟುಕೊಂಡರೆ ನಷ್ಟವೇನಿಲ್ಲ.

ಆ ಲಸಿಕೆ ಡಬ್ಬಿಯ ಸಲುವಾಗಿಯೇ ನನಗೆ ಅವಸರ ಅಂಟಿಕೊಂಡಿದ್ದು. ಐಸು ಕರಗೋ ಮೊದಲು ಮುಟ್ಟಬೇಕು, ಬಿಸಿಲೇರೋ ಮೊದಲು ಮುಗಿಸಬೇಕು. ಎಲ್ಲೂ ಇಳಿದು ಕೂತವಳಲ್ಲ. ಸಂಜೆ ಬರುವಾಗ ಡೈನಮೊ ಟೈರಿಗೆ ಉಜ್ಜಿಕೊಂಡು ಕೊರ್ರ್ ಅಂತಿತ್ತು. ಏರು ಬಂದು ನಿಧಾನವಾದರೆ ಬೆಳಕು ಮಂಕು, ನಿಂತರೆ ಕತ್ತಲೆ. ಹಾಗಾಗಿ ಏದುಸಿರು ಬಿಟ್ಟುಕೊಂಡಾದರೂ ತುಳೀತಾನೇ ಇರಬೇಕು. ನಿಮಗೆ ತಲೆಗೆ ಕಟ್ಟೋ ದೀಪ ಬಂದಿದೆ, ಪುಣ್ಯವಂತರು.

ಜೊತೆಯಲ್ಲಿ ಇನ್ನೊಬ್ಬಳು ನರ್ಸಮ್ಮ ಇದ್ದಳು, ನಿನ್ನಮ್ಮನಿಗೆ ಗೊತ್ತು, ಈಗ ಮಗನ ಮನೆ ದಾವಣಗೆರೆಯಲ್ಲಿದ್ದಾಳೆ. ಒಂದು ಬೇಸಿಗೆ ಅವಳೂ ಇನ್ನಿಬ್ಬರು ಟೀಚರುಗಳೂ ಸೇರಿ ಇದೇ ಘಾಟಿ ಇಳಿದು ಕೊಲ್ಲೂರಿಗೆ ಹೋಗಿ, ಅಲ್ಲಿಂದ ಬೈಂದೂರಿನ ಸಮುದ್ರ ನೋಡಿ ಬರೋದು ಅಂತ ಮಾತಾಡಿಕೊಂಡರು. ಎರಡು ರಾತ್ರಿ, ಸೈಕಲ್ಲಿನಲ್ಲೇ. ನನ್ನನ್ನೂ ಕರೆದರು. ಎಷ್ಟು ಆಸೆಯಿತ್ತು ಅಂದರೆ ಪೆಟ್ಟಿಗೆಯಿಂದ ಒಂದು ಬೆಡ್‌ಶೀಟು ತೆಗೆದು ಮಡಿಸಿಯೂ ಇಟ್ಟಿದ್ದೆ. ಕೊನೆಗೆ ಮನೆಯಲ್ಲಿ ಕೆಲಸ ಇದೆ ಅಂದೆ. ಕೆಲಸ ಏನೂ ಇರಲಿಲ್ಲ. ಬರುವಾಗ ಘಾಟಿ ಏರಬೇಕಲ್ಲ, ನಾನು ಹಿಂದೆ ಬಿದ್ದು ಅವರಿಗೆ ತಡ ಮಾಡಿದರೆ ಏನಂದುಕೊಂಡಾರು ಅಂತ. ಅವರು ಹೋಗಿ ಬಂದರು. ಘಾಟಿಯಲ್ಲಿ ಎಲ್ಲರೂ ಇಳಿದು ತಳ್ಳಿಕೊಂಡೇ ಬಂದರಂತೆ, ಒಂದು ಕಡೆ ಕೂತು ಹಲಸಿನ ಹಣ್ಣು ಬಿಡಿಸಿಕೊಂಡು ತಿಂದರಂತೆ, ತಡವಾಯ್ತು ಅಂತ ಯಾರಿಗೂ ನೆನಪೇ ಇರಲಿಲ್ಲ. ಈಗ ನನ್ನ ಮಂಡಿ ನಿನಗೆ ಗೊತ್ತೇ ಇದೆ.

ಅದಕ್ಕೇ ಹೇಳೋದು, ನಿನ್ನ ಸಲುವಾಗಿ ನಿಂತರೆ ನಿಲ್ಲಲಿ ಬಿಡು. ನಿನ್ನ ಗುಂಪಿನವರ ಪರಿಚಯ ನನಗಿಲ್ಲ, ಒಳ್ಳೆಯವರೇ ಇರ್ತಾರೆ. ಆದರೆ ಗಟ್ಟಿಗರಿಗೆ ಹಿಂದೆ ತಿರುಗಿ ನೋಡೋ ಅಭ್ಯಾಸ ಕಡಿಮೆ, ಇದು ಅವರ ತಪ್ಪೂ ಅಲ್ಲ. ಹೊರಡೋ ಮೊದಲೇ ಹೇಳು, ನಾನು ಮುಂದೆ ಇರ್ತೀನಿ ಅಂತ. ನಿಧಾನದವರು ಮುಂದಿದ್ದರೆ ಉಳಿದವರು ತಾನಾಗಿ ಆ ಹದಕ್ಕೆ ಬರ್ತಾರೆ. ಹಿಂದಿದ್ದರೆ ಅವರು ಕಾದು ಕೂತು ದಣಿವಾರಿಸಿಕೊಂಡಿರ್ತಾರೆ, ನೀನು ಮುಟ್ಟಿದ ಕೂಡಲೇ ಅವರು ಎದ್ದು ಹೊರಡ್ತಾರೆ, ನಿನಗೆ ಕೂರೋದೇ ಇಲ್ಲ. ಕವಲು ಬಂದಲ್ಲೆಲ್ಲ ಎಲ್ಲರೂ ಸೇರೋದು ಅಂತಲೂ ಮಾತಾಗಲಿ, ಅಲ್ಲಿ ಎಷ್ಟೋ ಕಡೆ ಫೋನಿಗೆ ಸಿಗ್ನಲ್ ಸಿಗೋಲ್ಲ.

ಇನ್ನೊಂದು. ಹಿಂದೆ ಬೀಳ್ತೀನಿ ಅಂತ ಹೆದರಿಕೆ ಇದ್ದವರು ನೀರು ಕುಡಿಯೋಕೆ ನಿಲ್ಲೋಲ್ಲ. ಮೂತ್ರಕ್ಕೆ ಹೋಗಬೇಕಾಗ್ತದೆ ಅಂತಲೇ ಕುಡಿಯೋಲ್ಲ, ಅದು ಹೆಂಗಸರ ರೋಗ. ನಾನು ಕಂಡಿದ್ದೇನೆ. ಒಂದು ಲೀಟರು ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚ, ಗೋಪುರ ಮಾಡದೆ ಸಮ ಅಳತೆ. ಅಥವಾ ಓಆರ್‌ಎಸ್ ಪೊಟ್ಟಣ ಇಟ್ಟುಕೋ, ಹಗುರ. ನೀರು ಮುಗಿದರೆ ದಾರಿಬದಿಯ ಮನೆಯಲ್ಲಿ ಕೇಳು. ನಮ್ಮದು ನಾವೇ ಹೊತ್ತು ಹೋಗೋ ಸವಾರಿ, ಯಾರನ್ನೂ ಕೇಳೋ ಹಾಗಿಲ್ಲ ಅಂತ ಬರೆದಿದ್ದೀಯ, ಯಾರು ಮಾಡಿದ ಕಾನೂನು ಮಾರಾಯ್ತಿ ಅದು? ಆ ಸೀಮೆಯಲ್ಲಿ ಬಾಯಾರಿ ಬಂದವರಿಗೆ ನೀರಿನ ಜೊತೆ ಒಂದು ಚೂರು ಬೆಲ್ಲ ಕೊಡದೆ ಕಳಿಸೋಲ್ಲ. ರಾತ್ರಿ ಉಳಿಯೋದೂ ಅಷ್ಟೇ. ಸುತ್ತ ಅಭಯಾರಣ್ಯ, ಕಾಡೊಳಗೆ ಟೆಂಟು ಹಾಕೋ ಹಾಗಿಲ್ಲ. ಯಾರದ್ದಾದರೂ ಅಂಗಳ ಕೇಳಿ, ಬೇಡ ಅನ್ನೋಲ್ಲ.

ಮ್ಯಾಪಿನ ಮಾತು. ಹಿನ್ನೀರಿನ ದಡಕ್ಕೆ ಅಂಟಿಕೊಂಡು ಕೆಲವು ದಾರಿ ತೋರಿಸ್ತದೆ. ಬೇಸಿಗೆ ಕೊನೆಯಲ್ಲಿ ನೀರಿಳಿದಾಗ ಯಾರೋ ಹೋದ ಗೆರೆ ಅದು, ಜನವರಿಯಲ್ಲಿ ಅಲ್ಲಿ ನೀರಿರ್ತದೆ. ನೀರು ಸರಿದ ಕಡೆಯೂ ಮೇಲೆ ಒಣಗಿ ಬಿರಿದಂತೆ ಕಾಣ್ತದೆ, ಕೆಳಗೆ ಹಸಿ ಮಣ್ಣು, ಚಕ್ರ ಹೂತರೆ ಎಳೆಯೋಕೆ ಇಬ್ಬರು ಬೇಕು. ಊರವರನ್ನು ಕೇಳಿ ಹೋಗಿ.

ಹಾವಿನ ಬಗ್ಗೆ ನಿನ್ನಮ್ಮ ಹೇಳು ಅಂದಳು. ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ಕಾಲು ಅಲ್ಲಾಡದ ಹಾಗೆ ಇಟ್ಟು 108ಕ್ಕೆ ಹೇಳಿ, ಸಿಗ್ನಲ್ ಇಲ್ಲದಿದ್ದರೆ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆ. ಅಷ್ಟೇ.

ನನಗೆ ಹಾವಿಗಿಂತ ಉಣುಗಿನ ಚಿಂತೆ. ಅದು ಕಚ್ಚಿ ಬರೋ ಮಂಗನ ಕಾಯಿಲೆ ನಮ್ಮ ಜಿಲ್ಲೆಯದ್ದೇ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಅರಳಗೋಡಿನಲ್ಲಿ ಇದರಿಂದ ಜನ ಸತ್ತ ಕಥೆ ನಿನಗೆ ಗೊತ್ತು. ಡಿಸೆಂಬರಿನಿಂದ ಮೇ ತನಕ ಇದರ ಕಾಲ, ನೀವು ಸರಿಯಾಗಿ ನಡುವೆ ಬರ್ತಿದ್ದೀರಿ. ತರಗೆಲೆ ಮೇಲೆ ಕೂರಬೇಡಿ, ಮಲಗಬೇಡಿ. ಉದ್ದ ಕಾಲುಚೀಲ ಹಾಕಿ ಪ್ಯಾಂಟು ಅದರೊಳಗೆ ಸಿಗಿಸು. ರಾತ್ರಿ ಮಂಡಿಯ ಹಿಂದೆ, ಸೊಂಟದ ಪಟ್ಟಿ ಕೂರೋ ಕಡೆ, ಕಿವಿಯ ಹಿಂದೆ ಒಬ್ಬರಿಗೊಬ್ಬರು ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆದು ತೆಗೀಬೇಕು, ಬೆರಳಲ್ಲಿ ಹೊಸಕಬಾರದು, ಸುಡಬಾರದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಹತ್ತಿರದ ಆಸ್ಪತ್ರೆಗೆ ತಿಳಿಸಿ.

ಊರಿಗೆ ಹೋಗಿ ವಾರ ಹತ್ತು ದಿನದೊಳಗೆ ಜ್ವರ, ತಲೆನೋವು, ಮೈಯೆಲ್ಲ ಮುರಿಯೋ ನೋವು ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಬೇಕು. ಇಲ್ಲೂ ನನಗೆ ಅದೇ ಭಯ ನೋಡು. ಆಫೀಸಿನಲ್ಲಿ ಕೆಲಸ ನಿಲ್ತದೆ, ಅಮ್ಮ ಗಾಬರಿಯಾಗ್ತಾಳೆ, ಗೆಳತಿಯರು ಮುಂದಿನ ಸಲ ಕರೆಯೋಲ್ಲ ಅಂತ ಒಂದು ಮಾತ್ರೆ ನುಂಗಿ ಸುಮ್ಮನಿರೋ ಪೈಕಿ ನೀನು. ಚಿಕ್ಕವಳಿದ್ದಾಗ ಕಾಲಿಗೆ ಗಾಜು ಚುಚ್ಚಿಕೊಂಡು ಜಾತ್ರೆಯೆಲ್ಲ ಸುತ್ತಿದವಳು. ಎಲ್ಲರೂ ಮೆಚ್ಚಿದರು ಆವತ್ತು, ನನಗೆ ಸಿಟ್ಟು ಬಂದಿತ್ತು.

ಘಾಟಿ ಇಳಿಯುವಾಗ ಎರಡೂ ಬ್ರೇಕು ಹಿಡಿದು ಹಿಡಿದು ಬಿಡು, ಒಂದೇ ಸಮ ಒತ್ತಿ ಹಿಡೀಬೇಡ, ಕಾಯ್ತದೆ. ತಿರುವಿನಲ್ಲಿ ಬಸ್ಸುಗಳು ಅಗಲಕ್ಕೆ ಬರ್ತವೆ. ಕೈ ನಡುಗಿದರೆ ಇಳಿದು ತಳ್ಳು. ಮೊದಲ ದಿನ ಮಧ್ಯಾಹ್ನ ಎರಡು ಗಂಟೆಗೆ ಅರ್ಧ ದಾರಿ ಆಗಿರದಿದ್ದರೆ ಒಳದಾರಿ ಬಿಟ್ಟು ಟಾರು ರಸ್ತೆ ಹಿಡಿಯೋದು ಅಂತ ಮೊದಲೇ ಮಾತಾಗಿರಲಿ, ಆರೂವರೆಗೆಲ್ಲ ಕಾಡಿನಲ್ಲಿ ಕತ್ತಲೆ. ಹೇಳಬೇಕಾದವಳು ನೀನೇ ಆದರೆ ಹೇಳು. ಉಳಿದವರಲ್ಲೂ ಯಾರೋ ಒಬ್ಬರು, ಯಾರಾದರೂ ಬಾಯಿ ಬಿಟ್ಟಾರಾ ಅಂತ ಕಾಯ್ತಾ ಇರ್ತಾರೆ.

ತುಂಬಾ ಉದ್ದವಾಯ್ತು. ಸೈಕಲ್ ಬಗ್ಗೆ ಕೇಳಿದರೆ ದೊಡ್ಡಮ್ಮ ಪುರಾಣ ಹೇಳಿದಳು ಅಂದುಕೊಳ್ತೀಯ, ಅನ್ನು. ತಾಳಗುಪ್ಪ ರೈಲಿಗೇ ಬರೋದಾದರೆ ಜಂಬಗಾರು ಸ್ಟೇಷನ್ನಿನಲ್ಲಿ ಇಳಿದು ಎಲ್ಲರೂ ಸೀದಾ ಮನೆಗೆ ಬನ್ನಿ, ತಿಂಡಿ ತಿಂದೇ ಹೊರಡೋದು. ಉಣುಗು ಕಚ್ಚದ ಹಾಗೆ ಹಚ್ಚೋ ಎಣ್ಣೆ ನಮ್ಮ ಪಿಎಚ್‌ಸಿಯಲ್ಲಿ ಕೇಳಿ ತಂದಿಡ್ತೀನಿ. ಎಷ್ಟು ಜನ, ಯಾರಿಗಾದರೂ ಈರುಳ್ಳಿ ಆಗೋಲ್ಲವೋ ಅಂತ ಗುರುವಾರದೊಳಗೆ ತಿಳಿಸು, ಹಿಟ್ಟು ಅಷ್ಟು ರುಬ್ಬಬೇಕು.

ಇಂತಿ,
ನಿನ್ನ ದೊಡ್ಡಮ್ಮ